ಹುಲ್ಲು ತಿನ್ನುವ ಕುದುರೆಗೆ ಹುರುಳಿ

ವಿಮಾನ ನಿಲ್ದಾಣ

ಮಂಗೋಲಿಯಾಕ್ಕೆ ಹೋಗಿಬಂದವರೆಲ್ಲ ಅಲ್ಲಿನ ಆಕಾಶದ ಬಗ್ಗೆ ಬರೆಯುತ್ತಾರೆ. ಆಕಾಶ ದೊಡ್ಡದಾಗಿದೆ, ನಿಜ. ಕೆಳಗೆ ಏನೂ ಕಟ್ಟದೆ ಬಿಟ್ಟಿದ್ದರೆ ರಾಮನಗರದ ಆಕಾಶವೂ ಅಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ನಾನು ಕಾಲುಚೀಲಗಳಿಂದ ಶುರುಮಾಡುತ್ತೇನೆ.

ಉಲಾನ್‌ಬಾತರ್ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ನನ್ನ ತಮ್ಮ ಮಾದೇವನ ಚೀಲದಿಂದ ಒಂದು ಕಾಲುಚೀಲ ಎತ್ತಿಕೊಂಡ. ಒಳಗೆ ಇನ್ನೂ ಕಾಲು ಇದೆಯೇನೋ ಎನ್ನುವಷ್ಟು ಗಟ್ಟಿಯಾಗಿತ್ತು ಅದು. ಹಿಸುಕಿದ, ಮೂಸಿದ, ಮುಖ ಸಿಂಡರಿಸಿ ಇದ್ದಲ್ಲೇ ಇಟ್ಟುಬಿಟ್ಟ. ಅಂಥವು ಆರು ಇದ್ದವು. ಆರರಲ್ಲೂ ಬೈರಾಪಟ್ಟಣದ ನಮ್ಮ ಹೊಲದ ಹುರುಳಿ. ತೊಳೆಯದ ಕಾಲುಚೀಲಕ್ಕೇ ತುಂಬಬೇಕು ಎಂಬುದು ಮಾದೇವನ ಉಪಾಯ; ಗೆದ್ದಿತು. ಹೊರಗೆ ಬಂದ ಮೇಲೆ ಇದು ಯಾರಿಗೆಂದು ಕೇಳಿದೆ.

"ಕುದುರೆಗೆ ಕಣಕ್ಕ. ಹುರುಳಿ ಕಾಣ್ದಿರೋ ಕುದುರೆ ಮ್ಯಾಲೆ ಸಾವ್ರ ಕಿಲೋಮೀಟ್ರು ಹೆಂಗೆ ಕುಂತ್ಕಳಾದು?"

ಸಾವಿರ ಕಿಲೋಮೀಟರ್ ಎಂಬುದು ಉತ್ಪ್ರೇಕ್ಷೆಯಲ್ಲ. ಹತ್ತು ದಿನಗಳ ಕುದುರೆ ಸವಾರಿಯ ಪಂದ್ಯ ಅದು. ನಲವತ್ತು ಕಿಲೋಮೀಟರಿಗೊಂದು ನಿಲ್ದಾಣ. ಪ್ರತಿ ನಿಲ್ದಾಣದಲ್ಲೂ ಬೇರೆ ಕುದುರೆ. ಕುದುರೆಗಳು ಅಲ್ಲಲ್ಲಿನ ಪಶುಪಾಲಕರವು, ಎರವಲು ಕೊಟ್ಟವು. ಮುಂದೆ ಹೋದರೆ ಸಾಲದು. ಪ್ರತಿ ನಿಲ್ದಾಣದಲ್ಲಿ ಪಶುವೈದ್ಯರು ಕುದುರೆಯ ಎದೆಬಡಿತ ನೋಡುತ್ತಾರೆ. ಗೊತ್ತುಮಾಡಿದ ಹೊತ್ತಿನೊಳಗೆ ಅದು ಇಳಿಯದಿದ್ದರೆ ಸವಾರನನ್ನು ದಂಡವಾಗಿ ಅಲ್ಲೇ ಕೂರಿಸಿಬಿಡುತ್ತಾರೆ.

ನಮ್ಮ ಮಾದೇವ ಇಲ್ಲಿಗೆ ಬಂದದ್ದು ಇನ್ನೊಬ್ಬರ ಕಾಲು ಮುರಿದದ್ದರಿಂದ. ಸಾತನೂರಿನ ಹತ್ತಿರ ಬೆಂಗಳೂರಿನ ಉದ್ಯಮಿಯೊಬ್ಬರ ತೋಟವಿದೆ. ಶನಿವಾರ, ಭಾನುವಾರ ನಗರದವರು ಅಲ್ಲಿಗೆ ಸವಾರಿ ಕಲಿಯಲು ಬರುತ್ತಾರೆ. ಹದಿನೆಂಟು ವರ್ಷಗಳಿಂದ ಕಲಿಸುತ್ತಿರುವವನು ಮಾದೇವ. ಅವನ ಅಂಗಿಯ ಜೇಬಿನ ಮೇಲೆ ಹೊಲಿದಿರುವುದು 'ಸಹಾಯಕ' ಎಂದು. ಈ ಪಂದ್ಯಕ್ಕೆ ಹೆಸರು ಕೊಟ್ಟಿದ್ದ ಯಜಮಾನರು ತಮ್ಮ ಮನೆಯ ಮೆಟ್ಟಿಲಿನಿಂದ ಬಿದ್ದರು. ಜಾಗ ಹಾಳಾಗಬಾರದೆಂದು ಮಾದೇವನನ್ನು ಕಳಿಸಿದರು. ಪಂದ್ಯ ಮುಗಿಸಿ ಬಂದರೆ ಸವಾರಿ ಶಾಲೆಯನ್ನು ಅವನ ಕೈಗೆ ಬಿಡುವುದಾಗಿ ಹತ್ತು ಜನರೆದುರು ಮಾತು ಕೊಟ್ಟರು. ಗೆಲ್ಲಬೇಕಿಲ್ಲ, ಮುಗಿಸಿದರೆ ಸಾಕು. ನಲವತ್ತಾರನೆಯ ವಯಸ್ಸಿನಲ್ಲಿ ಅವನನ್ನು ಮಾಸ್ಟರ್ ಎಂದು ಕರೆಯುತ್ತಾರೆ, ಇಲ್ಲವೇ ಎಂದೆಂದಿಗೂ ಕರೆಯುವುದಿಲ್ಲ.

ನಾನು ಬಂದದ್ದು ಅವನ ಬಾಯಾಗಿ. ಅವನಿಗೆ ಕುದುರೆಯ ಭಾಷೆ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ನಾನು ಚನ್ನಪಟ್ಟಣದಲ್ಲಿ ಇತಿಹಾಸ ಕಲಿಸುತ್ತೇನೆ. ಯಾರ ನೆನಪನ್ನೂ ನಂಬಬಾರದೆಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ನನ್ನದನ್ನೂ ನಂಬದೆ ದಿನಚರಿ ಬರೆಯುವ ಅಭ್ಯಾಸ ಮಾಡಿಕೊಂಡೆ. ಈ ಪ್ರವಾಸದ ದಿನಚರಿಯನ್ನು ಈಗ ತೆರೆದರೆ ಅದನ್ನು ಬರೆದವಳನ್ನೂ ನಂಬುವುದು ಕಷ್ಟವಾಗಿದೆ.

ತರಬೇತಿಯ ಬಿಡಾರ

ಮೂವತ್ತು ಸವಾರರಿದ್ದರು. ಅರ್ಧದಷ್ಟು ಜನ ತಮ್ಮನ್ನು ತಾವು ಹುಡುಕಿಕೊಳ್ಳಲು ಬಂದವರು. ಊಟದ ಮೇಜಿನಲ್ಲಿ ಅವರೇ ಹಾಗೆ ಹೇಳಿಕೊಂಡರು. ಇಷ್ಟು ದೂರ ಬಂದು ಕಳೆದುಕೊಂಡಿರಲಾರರು, ಮನೆಯ ಹತ್ತಿರವೇ ಒಮ್ಮೆ ನೋಡಬಹುದಿತ್ತು ಎಂದು ನನಗನ್ನಿಸಿತು. ಒಬ್ಬಾತ ಭಾರ ಕಡಿಮೆಯಾಗಲೆಂದು ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿಕೊಂಡು ಬಂದಿದ್ದ. ಅವನ ಹೊಟ್ಟೆಯನ್ನು ನೋಡಿದರೆ ಹಿಡಿಯನ್ನು ಉಳಿಸಿಕೊಂಡಿದ್ದರೂ ಕುದುರೆಗೆ ಗೊತ್ತಾಗುತ್ತಿರಲಿಲ್ಲ.

ಈ ದಾರಿ ಹಳೆಯ ಖಾನರ ಅಂಚೆಯ ದಾರಿಯಂತೆ. ಆಗ ಸವಾರರು ಸೊಂಟಕ್ಕೆ ಗೆಜ್ಜೆ ಕಟ್ಟಿಕೊಂಡು ಬರುತ್ತಿದ್ದರು, ಗೆಜ್ಜೆಯ ಸದ್ದು ಕೇಳಿದರೆ ನಿಲ್ದಾಣದವರು ಹೊಸ ಕುದುರೆಗೆ ಜೀನು ಬಿಗಿದು ನಿಲ್ಲಿಸುತ್ತಿದ್ದರು ಎಂದೆಲ್ಲ ಸಂಘಟಕರ ಹೊಳಪು ಪುಸ್ತಿಕೆಯಲ್ಲಿತ್ತು. ಈಗ ಗೆಜ್ಜೆಯ ಬದಲು ಪ್ರತಿ ಸವಾರನ ಎದೆಯ ಮೇಲೆ ಉಪಗ್ರಹದ ಜೊತೆ ಮಾತಾಡುವ ಒಂದು ಡಬ್ಬಿ. ನಕ್ಷೆಯ ಮೇಲೆ ಅದರ ಚುಕ್ಕೆಯನ್ನು ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ನಿಂತವರೂ ಮೊಬೈಲಿನಲ್ಲಿ ನೋಡಬಹುದು, ನೋಡುತ್ತಿದ್ದರು ಕೂಡ. ನಮ್ಮ ದುಭಾಷಿ ಬಾತ್ ನಿವೃತ್ತ ಶಾಲಾ ಮಾಸ್ತರು, ಮೆಲುದನಿಯ ಮನುಷ್ಯ. ಆಗಿನ ಸವಾರರ ಚೀಲದಲ್ಲಿ ಪತ್ರವಿರುತ್ತಿತ್ತು, ಇವರ ಚೀಲದಲ್ಲಿ ಏನಿದೆ ಎಂದು ನನ್ನನ್ನು ಕೇಳಿದರು. ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮು ಎಂದೆ. ಅವರು ಬಹಳ ಹೊತ್ತು ಯೋಚಿಸಿ, ಅದನ್ನು ಯಾರಿಗೆ ತಲುಪಿಸಬೇಕು ಎಂದರು.

ಎರಡನೆಯ ದಿನ ನಿಯಮಗಳ ಉಪನ್ಯಾಸ ಎರಡು ಗಂಟೆ ನಡೆಯಿತು. ನನ್ನ ಕಾಲೇಜಿನ ಕಾರ್ಯಾಗಾರಗಳ ಹಾಗೇ ಇತ್ತು: ಗೊತ್ತಿರುವುದನ್ನೇ ಬಣ್ಣಬಣ್ಣದ ಚಿತ್ರಗಳಲ್ಲಿ ತೋರಿಸುವುದು. ನಾನು ಮಾತ್ರ ಎಲ್ಲವನ್ನೂ ಬರೆದುಕೊಂಡೆ. ಊಟದ ಹೊತ್ತಿಗೆ ಮಾದೇವನಿಗೆ ಐದು ನಿಮಿಷದಲ್ಲಿ ಒಪ್ಪಿಸಿದೆ. ಆ ದಿನದ ಪುಟದಲ್ಲಿ "ಮಾದೇವನಿಗೆ ನಿಯಮ ಹೇಳಿದೆ" ಎಂದಿದೆ. ಅದರ ಹಿಂದಿನ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಕುದುರೆಗಳಿಗೆ ಹುಲ್ಲು, ನೀರು ಬಿಟ್ಟು ಬೇರೇನನ್ನೂ ಕೊಡಬಾರದು ಎಂಬ ಸಾಲಿದೆ. ಅದನ್ನು ಅವನಿಗೆ ಹೇಳಿದೆನೇ? ನೆನಪಿಲ್ಲ. "ಕುದುರೇನ ಚೆನ್ನಾಗಿ ನೋಡ್ಕೊ, ಇದಿಷ್ಟೇ ಇವರು ಎರಡು ಗಂಟೆ ಹೇಳಿದ್ದು" ಎಂದು ನಗಾಡಿದ್ದು ನೆನಪಿದೆ.

ಒಯುನಳ ಡೇರೆ

ನಾಲ್ಕನೆಯ ದಿನ ಸಂಜೆಗೆ ಮಾದೇವ ಒಂಬತ್ತನೆಯವನಾಗಿದ್ದ. ಮುಂದಿದ್ದವರ ಬಟ್ಟೆಯ ಬೆಲೆಗೆ ಸಾತನೂರಿನಲ್ಲಿ ಎಮ್ಮೆ ಬರುತ್ತದೆ. ಅವರ ಕುದುರೆಗಳ ಎದೆಬಡಿತ ಮಾತ್ರ ಇಳಿಯುತ್ತಿರಲಿಲ್ಲ. ಮಾದೇವ ಪ್ರತಿ ನಿಲ್ದಾಣಕ್ಕೂ ಒಂದು ಕಿಲೋಮೀಟರ್ ಮೊದಲೇ ಇಳಿದು, ಜೀನಿನ ಪಟ್ಟಿ ಸಡಿಲಿಸಿ, ಪಕ್ಕದಲ್ಲಿ ನಡೆದು ಬರುತ್ತಿದ್ದ. ಪಶುವೈದ್ಯೆ ಕಿವಿಗೆ ಕೊಳವೆ ಹಾಕುವ ಹೊತ್ತಿಗೆ ಅವನ ಕುದುರೆ ನಿದ್ದೆಗೆ ಜಾರುವ ಹಾಗೆ ನಿಂತಿರುತ್ತಿತ್ತು. ಇದು ಯಾವ ತಂತ್ರವೆಂದು ಬ್ರಶ್ಶಿನ ಮನುಷ್ಯ ಕೇಳಿದ. ಉತ್ತ ಎತ್ತನ್ನು ನೊಗ ಬಿಚ್ಚಿ ಮನೆಗೆ ನಡೆಸಿಕೊಂಡು ಬರುವುದಕ್ಕೆ ಇಂಗ್ಲಿಷಿನಲ್ಲಿ ತಂತ್ರವೆನ್ನುತ್ತಾರೆಂದು ಆವತ್ತು ತಿಳಿಯಿತು.

ಆ ರಾತ್ರಿಯ ತಂಗುವಿಕೆ ಒಯುನ್ ಎಂಬಾಕೆಯ ಉಣ್ಣೆಯ ಡೇರೆಯಲ್ಲಿ. ನನ್ನ ವಯಸ್ಸಿನವಳು, ಗಂಡನಿಲ್ಲ; ಕುರಿ, ಮೇಕೆ, ಇಪ್ಪತ್ತು ಕುದುರೆಗಳಿವೆ. ಒಳಗೆ ಹೋಗುವಾಗ ನಾನು ತಲೆಯನ್ನು ಬಾಗಿಲಿಗೆ ಹೊಡೆಸಿಕೊಂಡೆ, ಹೊಸ್ತಿಲನ್ನೂ ತುಳಿದೆ. ಎರಡನೆಯದು ತಪ್ಪು ಎಂದು ಬಾತ್ ಪಿಸುಗುಟ್ಟಿದರು. ಹಿಂದೆ ಸಾತನೂರಿನ ಕಡೆ ಕುರಿ ಸಾಕುವವರ ಮನೆಗಳಿಗೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸಮೀಕ್ಷೆಗೆ ಹೋದಾಗ ಅಲ್ಲಿನ ಹೆಂಗಸರು ನನ್ನನ್ನು ನೋಡಿದ್ದ ಹಾಗೇ ಇವಳೂ ನೋಡಿದಳು: ಇದು ಏನನ್ನು ಕೇಳಲು ಬಂದಿದೆ, ಎಷ್ಟು ಹೊತ್ತಿಗೆ ಹೋಗುತ್ತದೆ. ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟಳು. ಒಲೆಗೆ ಒಣ ಸಗಣಿ ಹಾಕುತ್ತಿದ್ದಳು. ಮಾತು ಬೆಳೆಸಲು, ನಮ್ಮಲ್ಲೂ ಬೆರಣಿ ಉರಿಸುತ್ತೇವೆ ಎಂದೆ. ಬಾತ್ ಅನುವಾದಿಸಿದರು. ಸಗಣಿ ಎಲ್ಲ ಕಡೆಯೂ ಇರುತ್ತದೆ ಎಂದಳು ಒಯುನ್.

ಮಾದೇವ ಸೋಲಲಿಲ್ಲ. ನಮ್ಮ ತಾತನ ಕಥೆ ಶುರುಮಾಡಿದ. ತಾತ ಮಾಗಡಿಯಿಂದ ಮೈಸೂರಿಗೆ ಒಂದೇ ಹಗಲಿನಲ್ಲಿ ಕುದುರೆ ಓಡಿಸಿ, ಯಾರದೋ ಕಾಗದ ಮುಟ್ಟಿಸಿ, ಊಟದ ಹೊತ್ತಿಗೆ ಅರಮನೆಯ ಬೀದಿಯಲ್ಲಿದ್ದನಂತೆ. ನಮ್ಮ ಮನೆಯಲ್ಲಿ ಇದನ್ನು ಹಬ್ಬಕ್ಕೊಮ್ಮೆಯಾದರೂ ಹೇಳುತ್ತಾರೆ. ಕಾಲೇಜಿನ ಸಂಚಿಕೆಯಲ್ಲಿ ನಾನೇ ಇದನ್ನು ಅಚ್ಚು ಹಾಕಿಸಿದ್ದೇನೆ, ಇತಿಹಾಸ ವಿಭಾಗದ ಹೆಸರಿನಲ್ಲಿ. ಒಯುನ್ ಕೊನೆಯವರೆಗೂ ಕೇಳಿ, ಒಂದೇ ಮಾತು ಕೇಳಿದಳು.

"ಕುದುರೆ ಏನಾಯಿತು?"

ತಾತ ಉಂಡ ಊಟದಲ್ಲಿ ಏನೇನಿತ್ತು ಎಂಬುದು ನಮಗೆ ಗೊತ್ತು. ಕುದುರೆಯ ಬಣ್ಣವೂ ಗೊತ್ತಿಲ್ಲ, ಅದು ಮನೆಗೆ ವಾಪಸು ಬಂತೇ ಎಂಬುದೂ ಗೊತ್ತಿಲ್ಲ. ಒಯುನ್ ನಾಲಿಗೆಯಲ್ಲಿ ಚಕ್ ಎಂದು ಸದ್ದು ಮಾಡಿ ಹೆಣ್ಣುಕುದುರೆಗಳ ಹಾಲು ಕರೆಯಲು ಎದ್ದು ಹೋದಳು.

ಮರುದಿನಕ್ಕೆ ಮಾದೇವ ಆರಿಸಿಕೊಂಡದ್ದು ಕಂದು ಮೈಯ, ಕಪ್ಪು ಅಯಾಲಿನ ಗಂಡು. ಆ ಜನ ಕುದುರೆಗೆ ಹೆಸರಿಡುವುದಿಲ್ಲ. ಬಣ್ಣ ಹೇಳುತ್ತಾರೆ, ಸಾಕು. ಮಾದೇವನಿಗೆ ಸಾಲಲಿಲ್ಲ. ಕೆಂಚ ಎಂದು ಕರೆದ. ಆರು ಗಂಟೆಗಿನ್ನೂ ಹೊಡೆತದ ಬಿಸಿಲಿತ್ತು. ಡೇರೆಯ ಹಿಂದೆ ನನ್ನ ಸಣ್ಣ ಗ್ಯಾಸ್ ಒಲೆಯ ಮೇಲೆ ಅವನು ಎರಡು ಕಾಲುಚೀಲ ಹುರುಳಿಯನ್ನು ಬೇಯಿಸಿದ. ದಿನಚರಿಯಲ್ಲಿ ಹೀಗಿದೆ: "ಹುರುಳಿ ಬೆಂದ ವಾಸನೆಗೆ ಮನೆಯ ನೆನಪಾಯಿತು." ಒಲೆ ಹೊತ್ತಿಸಿಕೊಟ್ಟವರು ಯಾರೆಂದು ಬರೆದಿಲ್ಲ. ಕೆಂಚ ಮೂಸಿ, ತುಟಿ ಸುಟ್ಟವನ ಹಾಗೆ ಉಗಿದು ತಲೆ ಕೊಡವಿದ್ದನ್ನು ಬರೆದಿದ್ದೇನೆ. ಆಮೇಲೆ ಬೆಲ್ಲ ಕಲಸಿದ ಮೇಲೆ ತಿಂದಿತು ಎಂದೂ ಬರೆದಿದ್ದೇನೆ. ಬೆಲ್ಲದ ಅಚ್ಚು ನನ್ನ ಚೀಲದಲ್ಲಿದ್ದದ್ದು. ಅದು ತಾನಾಗಿ ನಡೆದುಕೊಂಡು ಹೋಗಿರಲಾರದು.

ಕುದುರೆ ಎಂದರೆ ಹುರುಳಿ ಎಂಬುದರಲ್ಲಿ ನಮ್ಮ ಕಡೆ ಎರಡು ಮಾತಿಲ್ಲ. ಜಟಕಾ ಕುದುರೆಗೂ ಹುರುಳಿ, ಮದುವೆಯ ಮೆರವಣಿಗೆಯ ಕುದುರೆಗೂ ಹುರುಳಿ, ಕಾಯಿಲೆ ಬಿದ್ದು ಎದ್ದ ಮನುಷ್ಯನಿಗೂ ಹುರುಳಿ ಕಟ್ಟಿನ ಸಾರು. ಹುಟ್ಟಿದಂದಿನಿಂದ ಬಯಲಿನ ಹುಲ್ಲನ್ನಲ್ಲದೆ ಒಂದು ಕಾಳನ್ನೂ ಕಾಣದ ಕುದುರೆಗಳು ಲೋಕದಲ್ಲಿವೆ, ಅವುಗಳ ಹೊಟ್ಟೆ ಇದನ್ನು ಅನ್ನವೆಂದು ಗುರುತಿಸದೆ ಹೋಗಬಹುದು ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಬ್ರಶ್ಶಿನ ಮನುಷ್ಯನನ್ನು ನೋಡಿ ನಕ್ಕವಳು ನಾನು. ಅವನು ಭಾರದ ನಿಯಮ ಪಾಲಿಸಿದ್ದ.

ಐದನೆಯ ದಿನದ ಬಯಲು

ಬೆಳಿಗ್ಗೆ ಕೆಂಚ ಚೆನ್ನಾಗಿಯೇ ಹೊರಟಿತು. ನಾನೂ ಬಾತ್ ಅವರೂ ವೈದ್ಯೆಯ ಜೀಪಿನಲ್ಲಿ ಹಿಂದೆ ಬರುತ್ತಿದ್ದೆವು. ಹನ್ನೊಂದರ ಸುಮಾರಿಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಗದ್ದಲವೆದ್ದಿತು: ಮಾದೇವನ ಚುಕ್ಕೆ ನಿಂತಿದೆ. ಯಾಕ್ಲಾ ನಿಂತ್ಬುಟ್ಟ ಎಂದು ಒಬ್ಬರು, ಒಂದಕ್ಕೆ ಹೋಗವ್ನೆ ಬುಡು ಎಂದು ಇನ್ನೊಬ್ಬರು, ಕುದುರೆಯದೋ ಅವನದೋ ಎಂದು ಮೂರನೆಯವರು. ಅಷ್ಟರಲ್ಲಿ ವೈದ್ಯೆಯ ಯಂತ್ರ ಕೂಗಿತು. ಮಾದೇವ ಸಹಾಯದ ಗುಂಡಿ ಒತ್ತಿದ್ದ.

ನಾವು ತಲುಪಿದಾಗ ಜೀನು ನೆಲದ ಮೇಲಿತ್ತು. ಮಾದೇವ ಹಗ್ಗ ಹಿಡಿದು ಕೆಂಚನನ್ನು ಸುತ್ತು ನಡೆಸುತ್ತಿದ್ದ. ನಿಂತರೆ ಸಾಕು, ಅದು ತನ್ನ ಪಕ್ಕೆಯನ್ನೇ ತಿರುಗಿ ನೋಡುತ್ತಿತ್ತು, ಮುಂಗಾಲಿನಿಂದ ನೆಲ ಕೆರೆದು ಉರುಳಲು ಮಂಡಿಯೂರುತ್ತಿತ್ತು. ಓಡದ ಕುದುರೆಯ ಮೈಯೆಲ್ಲ ಬೆವರು. ಹಿಂದಿನಿಂದ ಬಂದ ನಾಲ್ವರು ಸವಾರರು ಕೈಬೀಸಿ ಮುಂದೆ ಹೋದರು. ವೈದ್ಯೆ ಹೊಟ್ಟೆಯ ಎರಡು ಕಡೆಗೂ ಕೊಳವೆ ಇಟ್ಟು ಕೇಳಿದಳು. ಕೇಳಬೇಕಾದ ಸದ್ದು ಕೇಳುತ್ತಿಲ್ಲ ಎಂದಳು. ಕರುಳು ತಿರುಚಿಕೊಂಡಿದ್ದರೆ ಈ ಬಯಲಿನಲ್ಲಿ ಏನೂ ಮಾಡಲಾಗದು. ಮೇವಿನಿಂದಾದ ಉಬ್ಬರವಾದರೆ ದಾರಿಯಿದೆ. ನನ್ನ ಕಡೆ ತಿರುಗಿ, ಇದು ಹುಲ್ಲಲ್ಲದೆ ಏನಾದರೂ ತಿಂದಿದೆಯೇ ಎಂದು ಅವನನ್ನು ಕೇಳು ಎಂದಳು.

ಕೇಳಿದೆ. ಅವನ ಹಿಂದೆ ದೂರದಲ್ಲಿ ಧೂಳೆದ್ದಿತ್ತು. ಸುದ್ದಿ ಮುಟ್ಟಿ ಒಯುನ್ ಇನ್ನೊಂದು ಕುದುರೆಯ ಮೇಲೆ ಬರುತ್ತಿದ್ದಳು. ಮಾದೇವ ನನ್ನ ಮುಖ ನೋಡಲಿಲ್ಲ, ಕೆಂಚನ ಕತ್ತಿನ ಮೇಲೆ ಕೈಯಿಟ್ಟುಕೊಂಡೇ ಇದ್ದ.

"ಹೇಳಕ್ಕ. ಹುರುಳಿ ಕೊಟ್ಟೆ ಅಂತ ಹೇಳು. ಎರಡು ಸೇರು ಆಗ್ಬೋದು, ಬೆಲ್ಲ ಒಂದು ಅಚ್ಚು. ಎಷ್ಟು ಅಂತ ಸರಿಯಾಗಿ ಹೇಳು, ಅವ್ರಿಗೆ ಔಷ್ದಿ ಗೊತ್ತಾಗ್ಬೇಕು."

ಆ ಬಯಲಿನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬಲ್ಲವಳು ನಾನೊಬ್ಬಳೇ. ಬರೀ ಹುಲ್ಲು ಎಂದು ನಾನು ಹೇಳಿದ್ದರೆ ಅದೇ ಅವನ ಉತ್ತರವಾಗುತ್ತಿತ್ತು. ವೈದ್ಯೆ ಮೇವಿನ ಬದಲು ಇನ್ನೊಂದು ಕಾರಣ ಹುಡುಕುತ್ತಿದ್ದಳು, ಮಾದೇವ ಮುಂದಿನ ನಿಲ್ದಾಣದಲ್ಲಿ ಬೇರೆ ಕುದುರೆ ಹತ್ತುತ್ತಿದ್ದ, ಹದಿನೆಂಟು ವರ್ಷಗಳ ನಂತರ ಅವನ ಅಂಗಿಯ ಜೇಬಿನ ಹೊಲಿಗೆ ಬಿಚ್ಚುತ್ತಿದ್ದರು. ಆ ದಿನದ ದಿನಚರಿ "ತಕ್ಷಣ ಹೇಳಿದೆ" ಎನ್ನುತ್ತದೆ. ತಕ್ಷಣ ಹೇಳಲಿಲ್ಲ. ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದು ಗೊತ್ತಿಲ್ಲ. ಮಾದೇವ ತಲೆಯೆತ್ತಿ ನನ್ನನ್ನು ನೋಡುವಷ್ಟು ಹೊತ್ತು.

ಆಮೇಲೆ ಹೇಳಿದೆ. ಎರಡು ಸೇರನ್ನೂ ಒಂದು ಅಚ್ಚನ್ನೂ ಹೇಳಿದೆ. ಕೇಳದಿದ್ದರೂ ನಿಯಮವನ್ನು ಅವನಿಗೆ ನಾನೇ ಹೇಳಿರಲಿಕ್ಕಿಲ್ಲ ಎಂದೂ ಸೇರಿಸಿದೆ. ವೈದ್ಯೆಗೆ ಅದು ಬೇಕಿರಲಿಲ್ಲ. ಅವಳಾಗಲೇ ಕೆಂಚನ ಮೂಗಿನಿಂದ ಉದ್ದನೆಯ ಕೊಳವೆ ಇಳಿಸಿ ಎಣ್ಣೆ ಹೊಯ್ಯುತ್ತಿದ್ದಳು. ನೋವಿಗೆ ಸೂಜಿ ಚುಚ್ಚಿದಳು. ಸಂಘಟಕರು ಫೋನಿನಲ್ಲೇ ತೀರ್ಪು ಕೊಟ್ಟರು: ಮಾದೇವ ಪಂದ್ಯದಿಂದ ಹೊರಗೆ. ಅಕ್ಕ ಹೇಳಲಿಲ್ಲ ಎಂಬುದು ನಿಯಮಪುಸ್ತಕದಲ್ಲಿ ಕಾರಣವಲ್ಲ.

ಸಂಜೆಯವರೆಗೂ ಕೆಂಚನನ್ನು ನಡೆಸಬೇಕಾಯಿತು. ನಾನು ಮಾದೇವನ ಜೊತೆ ಒಂದಷ್ಟು ಸುತ್ತು ನಡೆದೆ. ತರಬೇತಿಯ ದಿನ ಆ ಸಾಲನ್ನು ನಿನಗೆ ಹೇಳಿದ್ದೆನೇ ಎಂದು ಕೇಳಿದೆ. ಹೌದು ಎಂದರೂ ಸರಿ, ಇಲ್ಲ ಎಂದರೂ ಸರಿ, ಒಂದು ಸಾಕ್ಷಿ ಬೇಕಿತ್ತು ನನಗೆ.

"ನಂಗೂ ಗ್ಯಾನ ಇಲ್ಲ ಕಣಕ್ಕ," ಎಂದ. ಅರ್ಧ ಸುತ್ತು ಆದ ಮೇಲೆ, "ಹೇಳಿದ್ರೂ ಕೊಡ್ತಿದ್ದೆ. ಅವ್ರು ಹುರುಳಿ ಕಾಣ್ದೋರು, ಅವ್ರಿಗೇನು ಗೊತ್ತು ಅಂದ್ಕಂಡು ಕೊಡ್ತಿದ್ದೆ."

ಇದರಿಂದ ನನಗೆ ಸಮಾಧಾನವಾಗಲಿ ಎಂದು ಹೇಳಿದನೇ, ನಿಜವೆಂದು ಹೇಳಿದನೇ? ಎರಡೂ ಇರಬಹುದು. ಯಜಮಾನರ ಕರೆ ಬಂತು. ಕಾಲಿಗೆ ಪಟ್ಟಿ ಹಾಕಿಕೊಂಡು ಕೂತಲ್ಲೇ ಚುಕ್ಕೆ ನೋಡುತ್ತಿದ್ದರಂತೆ. ಯಾರೂ ನೋಡಿರದಿದ್ದಾಗ ಬಾಯಿ ಬಿಡುವ ಅಗತ್ಯವೇನಿತ್ತು ಎಂದು ಅವರಿಗೆ ಆಶ್ಚರ್ಯ. ಶಾಲೆಯ ವಿಷಯವನ್ನು ಬಂದ ಮೇಲೆ ಮಾತಾಡೋಣ ಎಂದರು. ಮಾತಾಡುವುದು ಏನೂ ಉಳಿದಿಲ್ಲವೆಂದು ಆ ದನಿಯಲ್ಲೇ ತಿಳಿಯಿತು. ಮಾದೇವ ಸರಿ ಸಾ ಎಂದು ಫೋನನ್ನು ನನಗೆ ಕೊಟ್ಟ. ಹಗ್ಗವನ್ನು ಇನ್ನೊಂದು ಕೈಯಿಂದ ಬಿಟ್ಟಿರಲಿಲ್ಲ.

ಒಯುನ್ ಬಂದು ಕುದುರೆಯಿಂದಿಳಿದ ಕೂಡಲೇ ಬಾತ್ ಎಲ್ಲವನ್ನೂ ಅವಳಿಗೆ ವಿವರಿಸಿದ್ದರು. ಅವಳು ಕೂಗಾಡುತ್ತಾಳೆಂದು ಕಾದೆ. ಕೂಗಾಡಲಿಲ್ಲ. ಅದೇ ಕಷ್ಟವಾದದ್ದು. ಕೆಂಚನ ಕಿವಿಗಳನ್ನು ಮುಟ್ಟಿ ನೋಡಿ, ಸ್ವಲ್ಪ ದೂರದಲ್ಲಿ ನಮಗೆ ಬೆನ್ನು ಹಾಕಿ ಕುಕ್ಕರುಗಾಲಿನಲ್ಲಿ ಕೂತಳು. ಹೊತ್ತು ಮುಳುಗಲು ಇನ್ನೂ ಬಹಳವಿದ್ದಾಗ ಕೆಂಚ ಬಾಲವೆತ್ತಿತು. ನಾಲ್ಕೈದು ಲದ್ದಿ ಬಿದ್ದವು. ಒಬ್ಬ ಇತಿಹಾಸದ ಅಧ್ಯಾಪಕಿ, ಒಬ್ಬ ಪಶುವೈದ್ಯೆ, ಒಬ್ಬ ನಿವೃತ್ತ ಮಾಸ್ತರು ಅದರ ಸುತ್ತ ನಿಂತು ದರ್ಶನ ಸಿಕ್ಕವರ ಹಾಗೆ ನೋಡಿದೆವು. ಮಾದೇವ ಮಾತ್ರ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ವಾಪಸಿನ ದಾರಿ

ಮರುದಿನ ಬೆಳಿಗ್ಗೆ ಕೆಂಚ ಹುಲ್ಲು ಮೇಯುತ್ತಿತ್ತು. ನಿಧಾನವಾಗಿ ನಡೆಸಿಕೊಂಡು ಹೋಗಬಹುದು ಎಂದು ವೈದ್ಯೆ ಒಪ್ಪಿ, ಬೇರೆ ಸವಾರರ ಹಿಂದೆ ಹೋದಳು. ನಮ್ಮನ್ನು ಕರೆದೊಯ್ಯಲು ಸಂಘಟಕರ ವ್ಯಾನು ಬಂತು. ಒಯುನಳ ಡೇರೆ ಹದಿನೈದು ಕಿಲೋಮೀಟರ್ ಹಿಂದಿತ್ತು. ಮಾದೇವ ನನ್ನ ಮತ್ತು ಬಾತ್ ಅವರ ಮೂಲಕ, ಕೆಂಚನನ್ನು ಡೇರೆಯವರೆಗೆ ತಾನೇ ನಡೆಸಿಕೊಂಡು ಬರುತ್ತೇನೆಂದು ಹೇಳಿಸಿದ. ಅವಳ ಉತ್ತರವನ್ನು ಬಾತ್ ಸ್ವಲ್ಪ ಸಂಕೋಚದಿಂದ ಹೇಳಿದರು.

"ಕುದುರೆಗೆ ಇವನ ಮುಖ ನೋಡಿ ಸಾಕಾಗಿದೆಯಂತೆ."

ನಾನು ಕನ್ನಡದಲ್ಲಿ ಹೇಳಿದೆ, ಒಂದಕ್ಷರ ಬಿಡದೆ. ಅವಳು ತನ್ನ ಕುದುರೆ ಹತ್ತಿ, ಕೆಂಚನ ಹಗ್ಗವನ್ನು ಎಡಗೈಗೆ ಸುತ್ತಿಕೊಂಡು ಹೊರಟಳು. ಮಾದೇವ ವ್ಯಾನು ಹತ್ತಲಿಲ್ಲ. ಅವಳ ಹಿಂದೆ ನೂರು ಹೆಜ್ಜೆಯ ಅಂತರ ಬಿಟ್ಟು ನಡೆಯತೊಡಗಿದ. ಅವಳು ತಿರುಗಿ ನೋಡಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಅವರ ಹಿಂದೆ ನಮ್ಮ ವ್ಯಾನು ಎತ್ತಿನ ಗಾಡಿಯ ವೇಗದಲ್ಲಿ ತೆವಳಿತು. ಚಾಲಕ ದಾರಿಯುದ್ದಕ್ಕೂ ಗೊಣಗಿದ.

ಒಂದು ಗಂಟೆ ಹಾಗೇ ಹೋಯಿತು. ಆಮೇಲೆ ಕೆಂಚ ನಿಂತು ಮತ್ತೆ ಬಾಲವೆತ್ತಿತು. ಒಯುನ್ ಕಾದಳು. ಅದು ಮುಗಿದ ಮೇಲೂ ಅವಳು ಹೊರಡಲಿಲ್ಲ. ಮಾದೇವ ಎಂಬತ್ತು ಹೆಜ್ಜೆ, ನಲವತ್ತು ಹೆಜ್ಜೆ, ಹತ್ತು ಹೆಜ್ಜೆಗೆ ಬಂದ. ಅವಳು ಅವನನ್ನು ನೋಡದೆ ಚಾಟಿಯ ಹಿಡಿಯಿಂದ ನೆಲ ತೋರಿಸಿದಳು. ಅವನು ಕುಕ್ಕರಿಸಿ, ಒಂದು ಲದ್ದಿಯನ್ನು ಎತ್ತಿ, ಕೈಯಲ್ಲೇ ಎರಡು ಹೋಳು ಮಾಡಿ, ಒಳಗೆ ನೋಡಿ, ಮೂಸಿ, ಅವಳ ಕಡೆ ಎತ್ತಿ ಹಿಡಿದ. ಬರೀ ಹುಲ್ಲು.

ಅವಳು ತಲೆ ಆಡಿಸಿ ಕುದುರೆ ಹೊರಡಿಸಿದಳು. ಮಾದೇವ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೆಂಚನ ಬಾಲದ ಹಿಂದೆ, ಮೂರು ಹೆಜ್ಜೆ ಅಂತರದಲ್ಲಿ ನಡೆದ. ಹಗ್ಗ ಕೊನೆಯವರೆಗೂ ಅವಳ ಕೈಯಲ್ಲೇ ಇತ್ತು.